ಗಡ್ಡದಜ್ಜನ ಮೂವತ್ತೊಂದು ಗೆರೆ

ಫೆಬ್ರವರಿ ೩, ಸೋಮವಾರ

ಕೆಂಪು ಚುಕ್ಕೆ ಮಿನುಗುತ್ತಿದೆ, ಅಂದರೆ ಕೇಳಿಸಿಕೊಳ್ಳುತ್ತಿದೆ. ಸರಿ.

ಇದು ಹೆಂಡತಿ ಕೊಟ್ಟ ಸಲಹೆ. ನಿನ್ನೆ ಊಟಕ್ಕೆ ಕೂತಾಗ ನಾನು ಎಂದಿನ ಹಾಗೆ ಶುರು ಮಾಡಿದೆ. ಅವಳು ತಟ್ಟೆ ಹಿಡಿದುಕೊಂಡು ಎದ್ದೇಬಿಟ್ಟಳು. "ರೀ, ದಿನವೆಲ್ಲಾ ಬಾಯಿ ತೆರ್ಕೊಂಡೋರ ಮುಂದೆ ನಿಂತಿರ್ತೀನಿ. ಮನೆಗೆ ಬಂದ್ರೆ ನಿಮ್ಮದೂ ತೆರೆದೇ ಇರುತ್ತೆ. ಆ ಫೋನಿಗೆ ಹೇಳ್ಕೊಳ್ಳಿ, ಅದಕ್ಕೆ ಸುಸ್ತಾಗಲ್ಲ" ಎಂದಳು. ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಇಪ್ಪತ್ತು ವರ್ಷದಿಂದ ಜನರ ಹಲ್ಲಿಗೆ ಅಚ್ಚು ತೆಗೆಯುತ್ತಾಳೆ. ನಾನು ಮೂರ್ತಿಗಳಿಗೆ ತೆಗೆಯುತ್ತೇನೆ. ಇಬ್ಬರದೂ ಒಂದೇ ಪ್ಲಾಸ್ಟರ್, ಅವಳದ್ದು ಸ್ವಲ್ಪ ನಯ.

ಬರೆದಿಡೋಣ ಅಂದರೆ ನನ್ನ ಕೈ ಯಾವಾಗಲೂ ಬೆಳ್ಳಗೆ. ಪುಸ್ತಕ ಮುಟ್ಟಿದರೆ ಅದೂ ಮೂರ್ತಿಯಾಗಿಬಿಡುತ್ತದೆ. ಫೋನನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಮಾತಾಡಿದರೆ ಆ ತಾಪತ್ರಯವಿಲ್ಲ.

ಫೋನೇ, ನಿನಗೆ ಗೊತ್ತಿರಲಿ. ನಾನು ಕಲಾಶಾಲೆಯಲ್ಲಿ ಅಚ್ಚಿನ ಕೆಲಸದವನು. ವಯಸ್ಸು ಐವತ್ತು, ಅದರಲ್ಲಿ ಇಪ್ಪತ್ತೇಳು ವರ್ಷ ಇಲ್ಲೇ ಕಳೆಯಿತು. ಮಕ್ಕಳು ಮಣ್ಣಿನಲ್ಲಿ ಏನಾದರೂ ಮಾಡುತ್ತಾರೆ, ನಾನು ಅದಕ್ಕೆ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಕೊಡುತ್ತೇನೆ. ಅವರು ಕಲಾವಿದರು. ನಾನು ಹಿಟ್ಟಿನ ಗಿರಣಿಯವನ ಹಾಗೆ ಓಡಾಡಿಕೊಂಡಿರುವವನು. ಹೆಸರೂ ಹಿಟ್ಟಣ್ಣ ಎಂದೇ ಆಗಿದೆ. ಸಂಬಳದ ಪಟ್ಟಿಯಲ್ಲಿ ಇರುವ ಹೆಸರು ನನಗೇ ಆಗಾಗ ಮರೆತುಹೋಗುತ್ತದೆ.

ನೆಲಮಾಳಿಗೆಯಲ್ಲಿ ನಮ್ಮ ಬಿಳಿ ಕೋಣೆ ಇದೆ. ಹದಿಮೂರು ಹಳೆಯ ಪ್ಲಾಸ್ಟರ್ ಮೂರ್ತಿಗಳು ಅಲ್ಲಿವೆ. ನೂರಿಪ್ಪತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದವಂತೆ. ಎಲ್ಲೆಲ್ಲಿಯದೋ ಕಲ್ಲಿನ ಮೂರ್ತಿಗಳಿಂದ ಅಚ್ಚು ತೆಗೆದು ಎರೆದ ನಕಲುಗಳು. ಕುದುರೆ ತಲೆ, ಮಂಡಿಯೂರಿದವಳು, ಒಂಟಿ ಕೈ, ಎಲ್ಲರಿಗಿಂತ ಗತ್ತಿನವನು ಗಡ್ಡದಜ್ಜ. ಹೆಸರಿಟ್ಟಿದ್ದು ನಾವೇ.

ಇವತ್ತು ಪ್ರಿನ್ಸಿಪಾಲರು ಕೆಳಗಿಳಿದು ಬಂದರು. ಅವರು ಇಳಿದರೆ ಏನೋ ಗ್ರಹಚಾರ ಅಂತಲೇ ಅರ್ಥ.

"ಹಿಟ್ಟಣ್ಣಾ, ಈ ಕೋಣೆ ಕಂಪ್ಯೂಟರ್ ವಿಭಾಗಕ್ಕೆ ಬೇಕಂತೆ. ಇಪ್ಪತ್ತನೇ ತಾರೀಖು ಒಬ್ಬರು ತಜ್ಞೆ ಬರ್ತಾರೆ. ಇವು ಉಳಿಸ್ಕೊಳ್ಳೋ ಅಂಥವು ಅಂತ ಅವರು ಬರೆದುಕೊಟ್ರೆ ಕೋಣೆ ಉಳೀತು."

"ಬರೆದುಕೊಡ್ಲಿಲ್ಲ ಅಂದ್ರೆ ಸಾರ್?"

"ನೀವು ಗೇಟಿನ ಹತ್ರ, ಇವು ಗೇಟಿನ ಆಚೆ" ಎಂದು ತಾವೇ ನಕ್ಕರು. ನಾನು ನಗಲಿಲ್ಲ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತವರನ್ನು ನೋಡಿದ್ದೇನೆ. ಎರಡು ವರ್ಷದಲ್ಲಿ ಕುರ್ಚಿಯೂ ಅವರೂ ಒಂದೇ ಥರ ಕಾಣುತ್ತಾರೆ.

ಹೋಗುವಾಗ ಒಂದು ಮಾತು ಹೇಳಿದರು: "ಸ್ವಲ್ಪ ಚೊಕ್ಕ ಮಾಡಿಡಿ."

ಚೊಕ್ಕ ಮಾಡುವುದು ನನಗೆ ಹೇಳಿಕೊಡಬೇಕೇ?

ಫೆಬ್ರವರಿ ೮, ಶನಿವಾರ

ಗಡ್ಡದಜ್ಜ ಮುಗಿದ. ಐದು ದಿನ ತಗೊಂಡ ಪುಣ್ಯಾತ್ಮ.

ಉಳಿದವರ ಧೂಳು ಹೊಡೆದು ಬಿಟ್ಟೆ. ಅಜ್ಜನಿಗೆ ಮಾತ್ರ ಪೂರ್ತಿ ಉಪಚಾರ. ಅವನ ಮುಖದ ತುಂಬ ಅಚ್ಚಿನ ಗೆರೆಗಳಿದ್ದವು. ಗಡ್ಡದ ಸುರುಳಿ, ಮೂಗಿನ ಹೊಳ್ಳೆ, ಕಿವಿ ಇಂಥ ಕಡೆ ಇಡೀ ಅಚ್ಚು ಒಂದೇ ಆದರೆ ಸಿಕ್ಕಿಕೊಂಡು ಬಿಡಿಸಲಿಕ್ಕೇ ಬರುವುದಿಲ್ಲ. ಅದಕ್ಕೆ ಅಚ್ಚನ್ನು ತುಂಡು ತುಂಡಾಗಿ ಮಾಡಿ, ಜೋಡಿಸಿ, ಒಳಗೆ ಪ್ಲಾಸ್ಟರ್ ಸುರಿಯುವುದು. ತುಂಡುಗಳು ಕೂಡುವ ಕಡೆ ಪ್ಲಾಸ್ಟರ್ ನುಸುಳಿ ಕೂದಲೆಳೆಯಷ್ಟು ಉಬ್ಬಿದ ಗೆರೆ ಏಳುತ್ತದೆ. ಅದನ್ನು ಅರದಲ್ಲಿ ತಿಕ್ಕಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಇತ್ತೆಂಬುದೇ ಗೊತ್ತಾಗದ ಹಾಗೆ ಮಾಡುವವನು ಕೆಲಸಗಾರ. ಈ ಅಜ್ಜನನ್ನು ಎರೆದವನು ಅದ್ಯಾಕೋ ಉಜ್ಜದೆ ಬಿಟ್ಟಿದ್ದ. ಉಜ್ಜುತ್ತಾ ಎಣಿಸಿದೆ, ಒಟ್ಟು ಮೂವತ್ತೊಂದು. ಈಗ ಕೆನ್ನೆ ಮಗುವಿನ ಕೆನ್ನೆ ಥರ ಇದೆ.

ಅಪ್ಪನಿಗೆ ಹೇಳಿದೆ. ಅಪ್ಪ ನನಗಿಂತ ಮೊದಲೇ ಸೇರಿ, ನಾನು ಬಂದ ಮೇಲೂ ಕೆಲವು ವರ್ಷ ಜೊತೆಗಿದ್ದು, ಇದೇ ಕೋಣೆಯಲ್ಲಿ ಒಟ್ಟು ನಲವತ್ತು ವರ್ಷ ಅಚ್ಚಿನವರಾಗಿದ್ದವರು. ಈಗ ಎಪ್ಪತ್ತೆಂಟು, ಕಣ್ಣು ಮಂಜು, ಮುಟ್ಟಿ ಮುಟ್ಟಿ ಓಡಾಡುತ್ತಾರೆ. "ಎಲ್ಲಾ ಹೋಯ್ತಾ? ಒಂದೂ ಬಿಟ್ಟಿಲ್ಲ ತಾನೆ?" ಎಂದು ಎರಡೆರಡು ಸಲ ಕೇಳಿದರು. ಗೆರೆ ಕಾಣಬಾರದು ಎನ್ನುವುದು ಅವರ ಮಂತ್ರ. ಚಿಕ್ಕಂದಿನಲ್ಲಿ ಒಂದು ಗೆರೆ ಬಿಟ್ಟಿದ್ದಕ್ಕೆ ನನ್ನ ಕಿವಿ ಹಿಂಡಿದ್ದರು. ಆದರೆ ಇವತ್ತು ಹೋಯಿತು ಅಂದಾಗ ಅವರ ಮುಖದಲ್ಲಿ ಖುಷಿ ಕಾಣಲಿಲ್ಲ. "ಹೋಗಲಿ ಬಿಡು" ಎಂದು ಗೋಡೆ ಕಡೆ ತಿರುಗಿದರು. ವಯಸ್ಸು.

ಫೆಬ್ರವರಿ ೧೦, ಸೋಮವಾರ

ಪ್ರಿನ್ಸಿಪಾಲರು ಪತ್ರ ಓದಿ ಹೇಳಿದರು. ತಜ್ಞೆಯದು. ಅಜ್ಜನ ಮೂಲ ಕಲ್ಲು ಎಂಬತ್ತು ವರ್ಷದ ಹಿಂದೆ ಬೆಂಕಿಯಲ್ಲಿ ಸಿಡಿದು ಪುಡಿಯಾಯಿತಂತೆ. ನಮ್ಮದು ಆ ಕಲ್ಲಿನಿಂದಲೇ ತೆಗೆದ ಮೊದಲ ಅಚ್ಚಿನದೋ, ನಕಲಿನ ನಕಲೋ ಎಂದು ಹೇಳುವುದು ಗೆರೆಗಳಂತೆ. ಎಷ್ಟು ತುಂಡು, ಎಲ್ಲೆಲ್ಲಿ ಕೂಡಿದೆ ಎಂಬುದರ ಮೇಲೆ ಎಲ್ಲಾ ನಿಂತಿದೆಯಂತೆ.

"ಯಾವ ಕಾರಣಕ್ಕೂ ಅಚ್ಚಿನ ಗೆರೆ ಮುಟ್ಟಬೇಡಿ ಅಂತ ಅಡಿಗೆರೆ ಹಾಕಿ ಬರೆದಿದ್ದಾರೆ. ನೀವು ಮುಟ್ಟಿಲ್ಲ ತಾನೆ?"

"ಇಲ್ಲ ಸಾರ್. ಹಾಗೇ ಇವೆ."

ಅಷ್ಟೇ ಹೇಳಿದ್ದು. ನಾಲಿಗೆ ತಾನಾಗಿ ಹೊರಳಿತು. ಈಗ ಬಾಗಿಲು ಹಾಕಿಕೊಂಡು ಅಜ್ಜನ ಮುಂದೆ ಕೂತಿದ್ದೇನೆ. ನಿಲ್ಲಿಸುತ್ತೇನೆ.

ಫೆಬ್ರವರಿ ೧೧, ಮಂಗಳವಾರ

ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಹೋಗಿ ಉಜ್ಜಿಬಿಟ್ಟೆ ಅಂತ ಹೇಳಿ."

"ಹೇಳಿದ್ರೆ ಕೋಣೆ ಹೋಯ್ತು ಕಣೇ. ನನ್ನ ಗೇಟಿಗೆ ಹಾಕ್ತಾರೆ."

"ಹೇಳದೆ ಇದ್ರೆ? ಅವರಿಗೇನು ಕಣ್ಣಿಲ್ವಾ?"

"ಗೆರೆ ವಾಪಸ್ ತಂದುಬಿಡ್ತೀನಿ" ಎಂದೆ. ಆ ಕ್ಷಣದವರೆಗೆ ಆ ಯೋಚನೆ ಬಂದೇ ಇರಲಿಲ್ಲ. ಬಾಯಿಗೆ ಬಂದ ಮೇಲೆ ತಲೆಗೆ ಬಂತು. ನನ್ನದು ಯಾವಾಗಲೂ ಹಾಗೇ.

ಅವಳು ಸೊಪ್ಪಿನ ಕಡೆ ತಿರುಗಿ ಹೇಳಿದಳು: "ನಾವೂ ಕಟ್ಟುಹಲ್ಲು ಕೂರಿಸ್ತೀವಿ. ಆದ್ರೆ ಕಟ್ಟುಹಲ್ಲು ಅಂತ ಹೇಳಿ ಕೂರಿಸ್ತೀವಿ."

ಬೆಳಗಿನಿಂದ ಒಂದೇ ಯೋಚನೆ. ಇದು ಎಂಥ ಅನ್ಯಾಯ ನೋಡು ಫೋನೇ. ಅಪ್ಪ ಕೆಲಸಕ್ಕೆ ಸೇರಿದಾಗ ಈ ಮೂರ್ತಿಗಳೇ ದೊಡ್ಡ ಕಲೆ. ಎರಡು ವರ್ಷ ಇವನ್ನು ನೋಡಿ ಬರೆಯದೆ ಯಾರೂ ಮಣ್ಣು ಮುಟ್ಟುವ ಹಾಗಿರಲಿಲ್ಲ. ಆಮೇಲೆ ಹೊಸ ಮೇಷ್ಟ್ರುಗಳು ಬಂದರು. ಎಲ್ಲಾ ನಕಲು, ಹೆಣಗಳು, ಆಚೆ ಹಾಕಿ ಎಂದರು. ನಲವತ್ತು ಮೂರ್ತಿಯಲ್ಲಿ ಇಪ್ಪತ್ತೇಳನ್ನು ಅಂಗಳಕ್ಕೆ ಹೊತ್ತು ಹಾಕಿ, ಸುತ್ತಿಗೆಯಲ್ಲಿ ಒಡೆದದ್ದು ಅಪ್ಪನೇ. ಹೇಳಿದ ಕೆಲಸ. ಮುಂದಿನ ವರ್ಷ ಆ ಮೇಷ್ಟ್ರುಗಳಲ್ಲೇ ಒಬ್ಬರು ಆ ಒಡೆದ ಚೂರಿನ ರಾಶಿಯನ್ನು ಪ್ರದರ್ಶನಕ್ಕಿಟ್ಟು ಬಹುಮಾನ ತಗೊಂಡರು. ರಾಶಿ ಹಾಕಿದವರು ಅಪ್ಪ, ಪದಕ ಮೇಷ್ಟ್ರಿಗೆ. ಈಗ ಈ ತಜ್ಞೆ ಗೆರೆಯೇ ಬಂಗಾರ ಅನ್ನುತ್ತಾರೆ. ಕಲೆ ಯಾವುದು ಅಂತ ತೀರ್ಮಾನ ಮಾಡುವವರು ಮೇಲಿನ ಮಹಡಿಯಲ್ಲಿ ಬದಲಾಗುತ್ತಾ ಇರುತ್ತಾರೆ. ನೆಲಮಾಳಿಗೆಗೆ ಸುದ್ದಿ ಬರುವ ಹೊತ್ತಿಗೆ ನಾವು ಏನನ್ನಾದರೂ ಒಡೆದೋ ಉಜ್ಜಿಯೋ ಕೂತಿರುತ್ತೇವೆ.

ನನಗೇನು, ನಾನು ಕೆಲಸದವನು. ಗೆರೆ ಬೇಡ ಎಂದರೆ ಉಜ್ಜುತ್ತೇನೆ, ಬೇಕು ಎಂದರೆ ಎಳೆಯುತ್ತೇನೆ.

ಆದರೆ ಎಲ್ಲಿ ಎಳೆಯುವುದು? ಲೆಕ್ಕ ಗೊತ್ತು, ಜಾಗ ನೆನಪಿಲ್ಲ.

ಫೆಬ್ರವರಿ ೧೩, ಗುರುವಾರ

ಸಿಕ್ಕಿತು. ಸಿಕ್ಕಿದ್ದು ಏನು ಅಂತ ಹೇಳಲಿಕ್ಕೆ ಸ್ವಲ್ಪ ಉಸಿರು ಬೇಕು.

ಮೆಟ್ಟಿಲ ಮೇಲಿನ ಅಟ್ಟದಲ್ಲಿ ಹಳೇ ಪ್ರವೇಶ ಪರೀಕ್ಷೆಯ ಚಿತ್ರಗಳಿವೆ. ಆ ಕಾಲದಲ್ಲಿ ಶಾಲೆಗೆ ಸೇರಬೇಕಾದರೆ ಅಜ್ಜನ ಮುಂದೆ ಆರು ಗಂಟೆ ಕೂತು ಅವನನ್ನು ಬರೆಯಬೇಕಿತ್ತು. ಕಟ್ಟು ಬಿಚ್ಚಿದೆ. ಪಾಸಾದವರ ಹಾಳೆಗಳಲ್ಲಿ ಅಜ್ಜ ಸ್ನೋ ಹಚ್ಚಿಕೊಂಡ ಹಾಗೆ ನುಣ್ಣಗಿದ್ದಾನೆ. ಒಂದು ಗೆರೆಯಿಲ್ಲ. ಕಣ್ಣೆದುರು ಇದ್ದದ್ದನ್ನು ಯಾರೂ ಬರೆದೇ ಇಲ್ಲ. ತಲೆ ಬಿಸಿಯಾಯಿತು. ಆಮೇಲೆ ಫೇಲಾದವರ ಕಟ್ಟು ತೆಗೆದೆ. ಓರೆ ಮೂಗು, ಹಾರುವ ಕಿವಿ. ನೂರಕ್ಕೂ ಹೆಚ್ಚು ಹಾಳೆ. ಅವುಗಳ ನಡುವೆ ನಾಲ್ಕರಲ್ಲಿ ಗೆರೆಗಳಿವೆ! ಮೂರರಲ್ಲಿ ಅಲ್ಲಷ್ಟು ಇಲ್ಲಷ್ಟು. ನಾಲ್ಕನೆಯದರಲ್ಲಿ, ಆ ಕಡೆಯಿಂದ ಕಾಣುವ ಪ್ರತಿಯೊಂದು ಗೆರೆಯೂ ಇದೆ. ಹುಬ್ಬಿನ ಕೆಳಗೆ ಹಾದು, ಕಣ್ಣಿನ ಮೂಲೆಯಲ್ಲಿ ಕವಲೊಡೆದು, ಗಡ್ಡದೊಳಗೆ ಮುಳುಗಿ ಏಳುವ ಗೆರೆ. ಸಾಲ ವಸೂಲಿಯವನ ಥರ ಒಂದನ್ನೂ ಬಿಡದೆ ಬರೆದಿದ್ದಾನೆ ಪಾಪಿ.

ಕೆಳಗೆ ಪರೀಕ್ಷಕರ ಕೆಂಪು ಷರಾ: "ಬೇಡದ ಗೆರೆಗಳನ್ನು ಬಿಡಿಸಿದ್ದಾನೆ. ಕಣ್ಣಿದೆ, ಕಲಾದೃಷ್ಟಿ ಇಲ್ಲ. ಅನುತ್ತೀರ್ಣ."

ಮೂಲೆಯಲ್ಲಿ ಹೆಸರು. ಅಪ್ಪನ ಹೆಸರು. ಅಪ್ಪನದೇ ಅಕ್ಷರ.

ಅಪ್ಪ ಈ ಪರೀಕ್ಷೆಗೆ ಕೂತಿದ್ದರು ಅಂತ ಐವತ್ತು ವರ್ಷದಲ್ಲಿ ನನಗೆ ಯಾರೂ ಹೇಳಿಲ್ಲ. ಬಾಯಿ ಮುಚ್ಚದ ನನ್ನಂಥವನನ್ನು ಹುಟ್ಟಿಸಿದವರು ಇದೊಂದನ್ನು ಹೇಗೆ ಮುಚ್ಚಿಟ್ಟುಕೊಂಡರೋ.

ಫೆಬ್ರವರಿ ೧೪, ಶುಕ್ರವಾರ

ಬೆಳಗ್ಗೆ ಅಪ್ಪ ಬಿಸಿಲಿಗೆ ಕೂತಿದ್ದಾಗ ಹಾಳೆಯನ್ನು ತೊಡೆ ಮೇಲಿಟ್ಟೆ. ಬೆರಳಾಡಿಸಿದರು. ಕಾಗದದ ದಪ್ಪ ಗುರುತು ಸಿಕ್ಕಿರಬೇಕು, ಕೈ ಹಿಂದಕ್ಕೆ ತಗೊಂಡರು.

"ಎಲ್ಲಿಂದ ತಂದ್ಯೋ ಇದನ್ನ?"

"ಅಟ್ಟದಿಂದ. ಯಾಕಪ್ಪಾ ಹೇಳ್ಲಿಲ್ಲ?"

"ಫೇಲಾಗಿದ್ದನ್ನ ಡಂಗುರ ಹೊಡೀಬೇಕಿತ್ತಾ? ಒಲೆಗೆ ಹಾಕು."

ಆಗ ನನ್ನ ಕಥೆ ಹೇಳಿದೆ. ಉಜ್ಜಿದ್ದು, ಪತ್ರ, ಸುಳ್ಳು, ಎಲ್ಲಾ. ಅಪ್ಪನ ಬೆರಳು ಮತ್ತೆ ಹಾಳೆಯ ಮೇಲೆ ಬಂತು.

"ಇದ್ದಿದ್ದನ್ನ ಬರೆದೆ" ಎಂದರು ಕೊನೆಗೆ. "ಆರು ಗಂಟೆ. ಪರೀಕ್ಷೆ ಮಾಡಿದೋರು ನನ್ನ ಹಾಳೆ ಎತ್ತಿ ಎಲ್ಲರಿಗೂ ತೋರಿಸಿ ನಕ್ಕರು. ನೋಡ್ರಪ್ಪಾ, ಇವನು ಅಚ್ಚಿನವನ ಕೊಳೇನೂ ಬರೆದಿದಾನೆ ಅಂತ. ಮಾರನೇ ದಿನ ಅಚ್ಚಿನ ಕೋಣೆಗೆ ಹೋಗಿ ಕೆಲಸ ಕೇಳಿದೆ. ಮೇಸ್ತ್ರಿ ಒಂದು ಅರ ಕೈಗೆ ಕೊಟ್ಟ."

ಆಮೇಲೆ ಕೇಳಿದರು: "ಈಗ ಆ ಕೊಳೆ ಬೇಕಂತಾ ಅವರಿಗೆ?"

"ಹೌದಪ್ಪಾ. ಈ ಹಾಳೇಲಿ ಹತ್ತೊಂಬತ್ತು ಕಾಣುತ್ತೆ. ಉಳಿದ ಮೂರರಿಂದ ಇನ್ನೊಂದು ನಾಲ್ಕೈದು. ತಲೆ ಹಿಂದಿಂದು ಯಾರೂ ಬರೆದಿಲ್ಲ."

"ನಲವತ್ತು ವರ್ಷ ಅವನ ತಲೆ ಒರೆಸಿದೀನಿ ನಾನು. ಭಾನುವಾರ ಕರ್ಕೊಂಡು ಹೋಗು."

ಫೆಬ್ರವರಿ ೧೬, ಭಾನುವಾರ

ಶಾಲೆ ಖಾಲಿ. ಕಾವಲುಗಾರನಿಗೆ, ಅಪ್ಪ ಹಳೇ ಜಾಗ ನೋಡಬೇಕಂತಿದ್ದಾರೆ ಅಂದೆ. ಅವನು ಸಲಾಂ ಹೊಡೆದು ಬಾಗಿಲು ತೆಗೆದ. ಪ್ರತಿ ಸುಳ್ಳೂ ಎಷ್ಟು ಗೌರವದಿಂದ ಬಾಗಿಲು ತೆಗೆಸುತ್ತದೆ!

ಅಪ್ಪ ಅಜ್ಜನ ಎದುರು ನಿಂತು ಎರಡೂ ಕೈ ಅವನ ಕೆನ್ನೆ ಮೇಲಿಟ್ಟರು. ಆಮೇಲೆ, "ಅಯ್ಯೋ, ಪೂರ್ತಿ ಬೋಳಿಸಿಬಿಟ್ಟಿದೀಯಲ್ಲೋ" ಎಂದರು.

"ನೀವೇ ಕಲಿಸಿದ್ದು."

"ಹೂಂ. ಚೆನ್ನಾಗೇ ಕಲ್ತಿದೀಯ."

ಕೆಲಸ ಹೀಗೆ ನಡೆಯಿತು: ಅಪ್ಪನ ಬೆರಳು ಮುಂದೆ, ನನ್ನ ಪೆನ್ಸಿಲ್ ಹಿಂದೆ. "ಇಲ್ಲಿಂದ... ಇಲ್ಲಿ ತಿರುಗುತ್ತೆ... ನಿಧಾನ. ಇಲ್ಲಿ ಎರಡು ತುಂಡು ಸರಿಯಾಗಿ ಕೂತಿರ್ಲಿಲ್ಲ, ಮೆಟ್ಟಿಲ ಥರ ಎದ್ದಿತ್ತು." ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಹೇಗೂ ಕಾಣುವುದಿಲ್ಲ, ಆದರೂ ಮುಚ್ಚಿದ್ದರು. ತಲೆಯ ಹಿಂದೆ ಏಳು ಗೆರೆ. ಎಡಗಿವಿಯ ಹಿಂದಿನದಕ್ಕೆ ಬಂದಾಗ ಅವರ ಕೈ ನಡುಗಿತು. "ತಡಿ" ಎಂದು ಮತ್ತೆ ಹಿಡಿದರು. ಅಲ್ಲಿ ಗೆರೆ ಸ್ವಲ್ಪ ಅಡ್ಡಾದಿಡ್ಡಿಯಾಯಿತು. ಇರಲಿ ಎಂದು ಹಾಗೇ ಬಿಟ್ಟೆ.

ಎಲ್ಲಾ ಕೂಡಿಸಿದರೆ ಮೂವತ್ತೊಂದು! ಅಪ್ಪ ನಕ್ಕರು. ಹಾಗೆ ನಕ್ಕಿದ್ದು ನಾನು ನೋಡಿ ಎಷ್ಟು ವರ್ಷವಾಯಿತು.

ಫೆಬ್ರವರಿ ೧೮, ಮಂಗಳವಾರ

ಎರಡು ಕಾಗದದ ಪಟ್ಟಿ ಅಂಟಿಸಿ, ನಡುವೆ ಕೂದಲೆಳೆಯಷ್ಟು ಜಾಗ ಬಿಡುವುದು. ತೆಳ್ಳಗೆ ಕಲಸಿದ ಪ್ಲಾಸ್ಟರನ್ನು ಅಲ್ಲಿ ತುಂಬುವುದು. ಅರ್ಧ ಗಟ್ಟಿಯಾದಾಗ ಪಟ್ಟಿ ಎಳೆಯುವುದು. ಬೇಗ ಎಳೆದರೆ ಕುಸಿಯುತ್ತದೆ, ತಡವಾದರೆ ಪಟ್ಟಿಯ ಜೊತೆ ಕಿತ್ತುಬರುತ್ತದೆ. ಅಂಚು ತೀಡಲಿಕ್ಕೆ ಹೆಂಡತಿ ತನ್ನ ಹಲ್ಲು ಕೆರೆಯುವ ಕೊಕ್ಕೆ ಕೊಟ್ಟಳು. "ಇದು ತಪ್ಪು ಅಂತ ಹೇಳಿಯೇ ಕೊಡ್ತಿದೀನಿ" ಎಂದಳು, ಆದರೂ ಕೊಟ್ಟಳು. ಹಳೇ ಬಣ್ಣ ಬರಲಿ ಎಂದು ಟೀ ನೀರು ಹಚ್ಚಿದೆ. ಮೂರು ಸಲ ಹಚ್ಚಿದ ಮೇಲೆ ಸರಿಹೋಯಿತು.

ಮೂಗಿನ ಪಕ್ಕದ ಗೆರೆಯನ್ನು ನಾಲ್ಕು ಸಲ ತೆಗೆದು ಹಾಕಿದೆ. ಮೂರನೇ ಸಲದ್ದೇ ಸಾಕಿತ್ತು, ತಜ್ಞೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅದು ಸ್ವಲ್ಪ ಸತ್ತ ಹಾಗಿತ್ತು. ನಾಲ್ಕನೆಯದು ಓಡುತ್ತದೆ. ಮಧ್ಯಾಹ್ನ ಊಟ ಮರೆತೇಹೋಯಿತು. ಸಿಕ್ಕಿಬೀಳುವ ಭಯ, ಇನ್ನೇನು.

ಫೆಬ್ರವರಿ ೨೦, ಗುರುವಾರ, ಬೆಳಗ್ಗೆ

ಹತ್ತು ಗಂಟೆಗೆ ಬರುತ್ತಾರೆ. ಅಂಗಿ ಎರಡು ಸಲ ಬದಲಾಯಿಸಿದೆ. ಇವತ್ತು ಮಾತು ಕಮ್ಮಿ ಆಡಬೇಕು. ಹೌದು ಮೇಡಂ, ಇಲ್ಲ ಮೇಡಂ, ಅಷ್ಟೇ.

ಅದೇ ದಿನ, ರಾತ್ರಿ

ಅಷ್ಟೇ ಆಗಲಿಲ್ಲ.

ತಜ್ಞೆ ಸಣ್ಣಗೆ, ಚುರುಕಾಗಿ ಇದ್ದಾರೆ. ಹಣೆಗೆ ದೀಪ ಕಟ್ಟಿಕೊಂಡು ಬಂದರು. ಉಳಿದ ಹನ್ನೆರಡನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಅಜ್ಜನ ಮುಂದೆ ಕೂತರು. ನಾನು ಕುದುರೆ ತಲೆಯ ಪಕ್ಕ ನಿಂತಿದ್ದೆ. ಒಂದೊಂದೇ ಗೆರೆಯ ಮೇಲೆ ದೀಪ ಹರಿಸಿ, ಉಗುರಿನಲ್ಲಿ ಸವರಿ, ಬಾಯಲ್ಲಿ ಎಣಿಸಿದರು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತೊಂದು.

"ಮೊದಲನೇ ಅಚ್ಚೇ" ಎಂದರು. "ಸಾರ್, ಇದು ಆ ಕಲ್ಲಿನ ಮೇಲೆ ಕೂತ ಅಚ್ಚು. ಇಂಥದ್ದು ಇನ್ನೊಂದಿಲ್ಲ."

ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ಗೆದ್ದೆ, ಫೋನೇ! ಕೋಣೆ ಉಳಿಯಿತು, ಕೆಲಸ ಉಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆಕೆ ಗೆರೆಗಳನ್ನು ಹೊಗಳುತ್ತಾ ಹೋದರು. "ಮೂಗಿನ ಪಕ್ಕ ನೋಡಿ, ಎಷ್ಟು ಜೀವ ಇದೆ! ನೂರಿಪ್ಪತ್ತು ವರ್ಷದ ಹಿಂದೆ ಯಾರೋ ಒಬ್ಬ ಕೆಲಸಗಾರ. ಹೆಸರೂ ಗೊತ್ತಿಲ್ಲ. ಇಂಥ ಕೈ ಈಗ ಎಲ್ಲಿದೆ ಹೇಳಿ? ಸತ್ತುಹೋಯ್ತು ಆ ವಿದ್ಯೆ."

ನಾನು ಕುದುರೆ ತಲೆಯ ಮೇಲಿನ ಇಲ್ಲದ ಧೂಳು ಒರೆಸುತ್ತಾ ಬಾಯಿ ಬಿಗಿಹಿಡಿದೆ.

ಆಮೇಲೆ ಎಡಗಿವಿಯ ಹಿಂದೆ ದೀಪ ಹಿಡಿದು ನಕ್ಕರು. "ಇಲ್ಲಿ ಮಾತ್ರ ಮಹಾರಾಯ ಜಾರಿದಾನೆ. ಮಧ್ಯಾಹ್ನ ಕುಡಿದು ಬಂದಿರ್ಬೇಕು."

"ಕುಡಿದಿರ್ಲಿಲ್ಲ ಮೇಡಂ" ಎಂದೆ. "ನಮ್ಮಪ್ಪನಿಗೆ ಎಪ್ಪತ್ತೆಂಟು ವರ್ಷ."

ಆಕೆ ದೀಪ ಸಮೇತ ನನ್ನ ಕಡೆ ತಿರುಗಿದರು, ಕಣ್ಣು ಕುಕ್ಕಿತು.

"ನಿಮ್ಮಪ್ಪನಿಗೂ ಇದಕ್ಕೂ ಏನು ಸಂಬಂಧ?"

ಇನ್ನೇನು, ಎಲ್ಲಾ ಹೇಳಿದೆ. ನಿಂತ ನಿಲುವಿನಲ್ಲಿ, ಉಜ್ಜಿದ್ದರಿಂದ ಹಿಡಿದು ಟೀ ನೀರಿನ ತನಕ. ಪ್ರಿನ್ಸಿಪಾಲರು ಒಂಟಿ ಕೈಯ ಪೀಠದ ಮೇಲೆ ಕುಸಿದು ಕೂತರು. "ಹಿಟ್ಟಣ್ಣಾ, ಹಿಟ್ಟಣ್ಣಾ" ಎಂದು ಎರಡು ಸಲ ಅಂದರು. ತಜ್ಞೆಯ ಮುಖ ಕೆಂಪಾಗಿತ್ತು.

"ನಾನು ಮೊದಲ ಅಚ್ಚು ಅಂತ ಬರೆದು ಸಹಿ ಹಾಕ್ತಿದ್ದೆ, ಗೊತ್ತಾ? ಹತ್ತು ವರ್ಷ ಬಿಟ್ಟು ಯಾರಾದ್ರೂ ಕಂಡುಹಿಡಿದಿದ್ರೆ ಈ ಕೋಣೇಲಿರೋ ಎಲ್ಲವೂ ಸುಳ್ಳು ಅಂತಿದ್ರು. ನನ್ನನ್ನೂ ಸೇರಿಸಿ."

"ತಪ್ಪಾಯ್ತು ಮೇಡಂ."

"ಎಲ್ಲಿ ಆ ಚಿತ್ರಗಳು?"

ತಂದುಕೊಟ್ಟೆ. ಅಪ್ಪನ ಹಾಳೆಯನ್ನು ಮೇಜಿನ ಮೇಲೆ ಹರಡಿ, ಕೈಚೀಲದಿಂದ ಮೊದಲ ಅಚ್ಚಿನ ನಕ್ಷೆಯಿದ್ದ ಹಳೇ ಪುಸ್ತಕವೊಂದನ್ನು ತೆಗೆದು ಪಕ್ಕಕ್ಕಿಟ್ಟುಕೊಂಡು ಒಂದು ಗಂಟೆ ಕೂತರು. ಕೊನೆಗೆ ಕೆಂಪು ಷರಾದ ಮೇಲೆ ಬೆರಳಿಟ್ಟು, "ಇದನ್ನ ಫೇಲ್ ಮಾಡಿದ್ಯಾರು?" ಎಂದು ಕೇಳಿದರು.

"ನಮ್ಮ ಹಿಂದಿನೋರು" ಎಂದರು ಪ್ರಿನ್ಸಿಪಾಲರು, ತಾವೇ ಮಾಡಿದ ಹಾಗೆ ತಲೆ ತಗ್ಗಿಸಿ.

ಸೋಮವಾರ ವರದಿ ಕಳಿಸುತ್ತೇನೆ ಎಂದು ಹೇಳಿ ಹೊರಟುಹೋದರು.

ಹೆಂಡತಿ ಕೇಳಿದಳು, ಗೆದ್ದ ಮೇಲೆ ಯಾಕೆ ಹೇಳಿದಿರಿ ಅಂತ. ಸುಳ್ಳು ಹೊರಲಾಗಲಿಲ್ಲ ಎಂದೆ. ಪ್ರಾಮಾಣಿಕತೆ ಅಂತ ಒಂದು ಇರುತ್ತದಲ್ಲ. ಅವಳು, "ಹೂಂ, ಅದೇ ಇರ್ಬೇಕು" ಎಂದು ಬಟ್ಟೆ ಮಡಿಸಲು ಹೋದಳು. ಅವಳ ಹೂಂ ನನಗೆ ಹಿಡಿಸಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ನೋಟಿಸ್ ಬಂತು. ಒಂದು ವಾರದಲ್ಲಿ ವಿವರಣೆ ಬರೆದು ಕೊಡಬೇಕು. ಕ್ಲಾಸುಗಳಲ್ಲಿ ಗುಸುಗುಸು. ಯಾರೂ ಇವತ್ತು ಹಿಟ್ಟಣ್ಣ ಎಂದು ಕೂಗಲಿಲ್ಲ.

ಫೆಬ್ರವರಿ ೨೪, ಸೋಮವಾರ

ವರದಿ ಬಂತು. ಪ್ರಿನ್ಸಿಪಾಲರು ನನ್ನನ್ನು ನಿಲ್ಲಿಸಿಕೊಂಡೇ ಓದಿದರು. ಹಾಳೆಯ ಗೆರೆಗಳು ಮೊದಲ ಅಚ್ಚಿನವೇ ಎಂದು ಆ ಪುಸ್ತಕದ ಜೊತೆ ತಾಳೆಯಾಗಿದೆ. ಆದ್ದರಿಂದ ಅಜ್ಜ ಅಸಲಿ. ಕೋಣೆ ಉಳಿಯಬೇಕು, ಫೇಲಾದ ಆ ನಾಲ್ಕು ಹಾಳೆಗಳಿಗೆ ಅದೇ ಕೋಣೆಯಲ್ಲಿ ಗೋಡೆ ಕೊಡಬೇಕು. ಇಷ್ಟು ಕೇಳಿ ನನಗೆ ಹೋದ ಜೀವ ಬಂತು. ಆದರೆ ಒಂದು ಷರತ್ತು. ಅಜ್ಜನ ಮುಖದಲ್ಲಿ ಈಗಿರುವ ಗೆರೆಗಳು ಹೊಸವು ಎಂದು ನೋಡಿದವರಿಗೆಲ್ಲ ಗೊತ್ತಾಗುವ ಹಾಗಿರಬೇಕು, ಇಲ್ಲವೇ ಅವನ್ನು ತೆಗೆಯಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ವರದಿ ವಾಪಸ್.

"ಉಜ್ಜಿಬಿಡಿ, ಅಲ್ಲಿಗೆ ಮುಗೀತು" ಎಂದರು ಪ್ರಿನ್ಸಿಪಾಲರು. "ಉಜ್ಜೋದಂತೂ ನಿಮಗೆ ಹೇಳಿಕೊಡಬೇಕಾಗಿಲ್ಲ."

ಮನೆಗೆ ಬಂದು ಅಪ್ಪನಿಗೆ ಹಾಳೆಯ ವಿಷಯ ಹೇಳಿದೆ.

"ಫೇಲಾಗಿದ್ದನ್ನ ಗೋಡೆಗೆ ಹಾಕ್ತಾರಾ? ಆ ಕೆಂಪು ಷರಾ ಮುಚ್ತಾರಾ?"

"ಇಲ್ಲಪ್ಪಾ. ಅದೂ ಕಾಣ್ಬೇಕಂತೆ."

ಅಪ್ಪ ಅಂಗೈ ಉಜ್ಜಿಕೊಳ್ಳುತ್ತಾ ಕೂತರು. ಸಿಟ್ಟು ಬಂತೇನೋ ಎಂದು ನಾನು ಕಾದೆ.

"ಮೂಗಿನ ನೆರಳು ಸರಿ ಬಂದಿರ್ಲಿಲ್ಲ ಅದ್ರಲ್ಲಿ" ಎಂದರು. "ಇನ್ನೊಂದು ಅರ್ಧ ಗಂಟೆ ಕೊಟ್ಟಿದ್ರೆ ತರ್ತಿದ್ದೆ."

ಫೆಬ್ರವರಿ ೨೫, ಮಂಗಳವಾರ

ಉಜ್ಜಲು ಕೂತೆ. ಸ್ಯಾಂಡ್ ಪೇಪರ್ ಒರಟಾಗಿದೆ, ಇದರಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ನಯವಾದದ್ದು ತರಬೇಕು.

ಫೆಬ್ರವರಿ ೨೬, ಬುಧವಾರ

ನಯವಾದದ್ದು ತಂದೆ. ಆದರೆ ಹವೆಯಲ್ಲಿ ತೇವ ಇದೆ. ತೇವದಲ್ಲಿ ಉಜ್ಜಿದರೆ ಪ್ಲಾಸ್ಟರ್ ಮುದ್ದೆಗಟ್ಟುತ್ತದೆ, ಇದು ಗೊತ್ತಿರುವವರಿಗೆ ಗೊತ್ತು. ಹೆಂಡತಿ ಹೊರಗೆ ಬಟ್ಟೆ ಒಣಗಿಸುತ್ತಾ, "ಎಲ್ಲಿದೆ ರೀ ತೇವ?" ಎಂದಳು. ಅವಳಿಗೆ ಹಲ್ಲಿನ ವಿಷಯ ಮಾತ್ರ ಗೊತ್ತು.

ಪ್ರಿನ್ಸಿಪಾಲರು ಎರಡು ಸಲ ಹೇಳಿ ಕಳಿಸಿದರು. ನಾಳೆ ಸಂಜೆ ನಾಲ್ಕಕ್ಕೆ ಬಂದು ನೋಡುತ್ತಾರಂತೆ. ಉಜ್ಜಿರದಿದ್ದರೆ ಬೇರೆಯವರ ಕೈಲಿ ಉಜ್ಜಿಸುತ್ತಾರಂತೆ. ಬೇರೆಯವರ ಕೈಲಿ! ಆ ಮೂಗಿನ ಪಕ್ಕದ ಗೆರೆಯನ್ನ!

ಫೆಬ್ರವರಿ ೨೭, ಗುರುವಾರ

ಬೆಳಗ್ಗೆ ಬೇಗ ಬಂದು ಬಾಗಿಲು ಹಾಕಿಕೊಂಡೆ. ತಜ್ಞೆಯ ವರದಿಯ ನಕಲು ಹಿಡಿದು ಮತ್ತೆ ಓದಿದೆ. ನೋಡಿದವರಿಗೆ ಗೊತ್ತಾಗುವ ಹಾಗಿರಬೇಕು, ಇಲ್ಲವೇ ತೆಗೆಯಬೇಕು. ಮೊದಲು ಗೊತ್ತಾಗಬೇಕು ಎಂದಿದೆ, ತೆಗೆಯುವುದು ಆಮೇಲೆ. ನಾಲ್ಕು ಗಂಟೆಗೆ ಪ್ರಿನ್ಸಿಪಾಲರಿಗೆ ಇದನ್ನೇ ಓದಿ ಹೇಳುತ್ತೇನೆ. ಒಪ್ಪದಿದ್ದರೆ ತಜ್ಞೆಗೇ ಫೋನ್ ಮಾಡಿಸುತ್ತೇನೆ. ಅದಕ್ಕೂ ಒಪ್ಪದಿದ್ದರೆ ಗೇಟಿಗೆ ಹಾಕಲಿ.

ಅದಕ್ಕೇ ಅಜ್ಜನ ಕತ್ತಿನ ಕೆಳಗೆ, ಎದುರಿಗೆ ನಿಂತವರಿಗೆ ಕಾಣುವ ಹಾಗೆ, ಹಸಿ ಪ್ಲಾಸ್ಟರಿನ ಒಂದು ಪಟ್ಟಿ ಹಾಕಿ ಅದರಲ್ಲಿ ಕೊರೆದೆ. "ಈ ಗೆರೆಗಳು ಹೊಸವು. ಮಾಡಿದವರು" ಎಂದು ಬರೆದು, ಇಸವಿ ಹಾಕಿ, ಅಪ್ಪನ ಹೆಸರು, ಕೆಳಗೆ ನನ್ನ ಹೆಸರು. ಹಿಟ್ಟಣ್ಣ ಅಂತ ಹಾಕಲಿಲ್ಲ. ಪೂರ್ತಿ ಹೆಸರು.

ಇದು ಬರೀ ಗುರುತಿಗೆ. ನಾಳೆ ಯಾರೋ ಬಂದು ನೂರಿಪ್ಪತ್ತು ವರ್ಷದ ಹಿಂದೆ ಸತ್ತ ಪಾಪದವನನ್ನು ಕುಡುಕ ಅನ್ನಬಾರದು ನೋಡು, ಅಷ್ಟೇ ಉದ್ದೇಶ. ಬೇರೆ ಏನೂ ಇಲ್ಲ.

ಮೊದಲ ಸಲ ಬರೆದಾಗ ಅಕ್ಷರ ಚಿಕ್ಕದಾಯಿತು, ಕೆರೆದು ತೆಗೆದೆ. ಎರಡನೇ ಸಲ ಅಪ್ಪನ ಹೆಸರಿನ ಒತ್ತಕ್ಷರ ಮುರಿಯಿತು. ಮೂರನೆಯದು ಓದಲಿಕ್ಕೆ ಬರುತ್ತಿತ್ತು, ಸಾಕಾಗಿತ್ತು, ಆದರೆ ನನ್ನ ಹೆಸರಿನ ಕೊಂಬು ಸೊಟ್ಟಗಿತ್ತು. ಮತ್ತೆ ಪ್ಲಾಸ್ಟರ್ ಕಲಸಿದೆ. ಗಂಟೆ ಮೂರಾಗಿಬಿಟ್ಟಿದೆ, ಊಟದ ಡಬ್ಬಿ ತೆರೆದೇ ಇಲ್ಲ.

ನಾಲ್ಕನೆಯದು ಈಗ ಒಣಗುತ್ತಿದೆ. ಇದು ಚೆನ್ನಾಗಿ ಬಂದಿದೆ.